ಬಟ್ಟೆಯ ಕಲೆ ನಿವಾರಣೆ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು

ಬಟ್ಟೆಯ ಕಲೆ ನಿವಾರಣೆ ಎಂದರೆ ನೂಲಿಗೆ ಹಿಡಿದ ಹೊರಗಿನ ಬಣ್ಣ, ಜಿಡ್ಡು ಅಥವಾ ಅಂಟನ್ನು, ಬಟ್ಟೆಯ ಎಳೆಗೂ ಅದರ ಮೂಲ ಬಣ್ಣಕ್ಕೂ ಹಾನಿಯಾಗದಂತೆ ತೆಗೆಯುವ ಕ್ರಮ. ಮಾಮೂಲಿ ಒಗೆತದಲ್ಲಿ ಹೋಗುವುದು ಕೊಳೆ. ಒಗೆದ ಮೇಲೂ ಉಳಿಯುವುದು ಕಲೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಅಡುಗೆಮನೆ ಮತ್ತು ಪೂಜೆಯ ಕಲೆಗಳ ಜೊತೆಗೆ ಅಡಿಕೆ, ಬಾಳೆ, ಹಲಸು, ಕೆಮ್ಮಣ್ಣು ಮತ್ತು ಮಳೆಗಾಲದ ಬೂಸ್ಟಿನ ಕಲೆಗಳು ನಿತ್ಯದ ಬಳಕೆಯ ಬಟ್ಟೆಗಳಲ್ಲಿ ಕಾಣುತ್ತವೆ. ಈ ಲೇಖನ ಆ ಕಲೆಗಳ ಸ್ವರೂಪ, ಅವುಗಳನ್ನು ತೆಗೆಯುವ ಹಳೆಯ ಮತ್ತು ಈಗಿನ ಕ್ರಮ ಹಾಗೂ ಬಳಕೆಯ ವಸ್ತುಗಳನ್ನು ಕುರಿತದ್ದು.

ಪರಿಭಾಷೆ

ಕಲೆ, ಕರೆ ಎಂಬ ಎರಡು ಮಾತುಗಳೂ ಬಳಕೆಯಲ್ಲಿವೆ. ಈ ಲೇಖನದಲ್ಲಿ ‘ಕಲೆ’ ಎಂಬುದನ್ನೇ ಬಳಸಿದೆ. ‘ಜಿಡ್ಡು’ ಎಣ್ಣೆ, ತುಪ್ಪ, ಗ್ರೀಸ್‌ಗಳಿಂದ ಆಗುವಂಥದ್ದು. ‘ಸೊನೆ’ ಗಿಡ ಅಥವಾ ಕಾಯಿಯನ್ನು ಕೊಯ್ದಾಗ ಒಸರುವ ರಸ. ಹಲಸಿನ ದಪ್ಪ, ಅಂಟಾದ ಸೊನೆಗೆ ‘ಮೇಣ’ ಎನ್ನುತ್ತಾರೆ. ‘ಚೊಗರು’ ಎಂದರೆ ಹಸಿ ಅಡಿಕೆಯನ್ನು ಬೇಯಿಸಿದಾಗ ನೀರಿಗೆ ಇಳಿಯುವ, ಬತ್ತಿಸಿದಷ್ಟೂ ಗಟ್ಟಿಯಾಗುವ ಕೆಂಗಂದು ರಸ. ‘ಕವಳ’ ಎಲೆ, ಅಡಿಕೆ, ಸುಣ್ಣ ಸೇರಿದ ತಾಂಬೂಲ.

ಪ್ರದೇಶ ಮತ್ತು ಕಲೆಯ ಮೂಲಗಳು

ಎರಡೂ ತಾಲ್ಲೂಕುಗಳು ಮಲೆನಾಡಿನ ಅಂಚಿನಲ್ಲಿವೆ. ಪಶ್ಚಿಮಕ್ಕಿರುವ ಸೊರಬದಲ್ಲಿ ಮಳೆ ಹೆಚ್ಚು. ಪೂರ್ವದ ಶಿಕಾರಿಪುರದ ಕಡೆಗೆ ಬಂದಂತೆ ಕಡಿಮೆಯಾಗುತ್ತ ಬಯಲು ತೆರೆಯುತ್ತದೆ. ವರದಾ ಮತ್ತು ದಂಡಾವತಿ ನದಿಗಳು ಸೊರಬದಲ್ಲಿ, ಕುಮುದ್ವತಿ ಶಿಕಾರಿಪುರದಲ್ಲಿ ಹರಿಯುತ್ತವೆ. ಊರೂರಿಗೂ ಕೆರೆಗಳಿವೆ. ಭತ್ತ, ಅಡಿಕೆ, ಮೆಕ್ಕೆಜೋಳ, ಶುಂಠಿ, ಬಾಳೆ ಮತ್ತು ಅನಾನಸು ಇಲ್ಲಿನ ಮುಖ್ಯ ಬೆಳೆಗಳಲ್ಲಿ ಸೇರಿವೆ.

ಕಲೆಗಳಿಗೂ ಈ ಬೆಳೆಗಳಂತೆ ಕಾಲವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರು, ಬೂಸ್ಟು, ಉಂಬಳ (ಜಿಗಣೆ) ಕಚ್ಚಿದ ರಕ್ತ ಮತ್ತು ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಕಲೆಗಳು. ಮಳೆ ಹಿಂದೆಗೆದ ಮೇಲೆ ಕೊಯ್ಲಿನ ತಿಂಗಳುಗಳಲ್ಲಿ ಅಡಿಕೆಯ ಚೊಗರು. ಬೇಸಿಗೆಯಲ್ಲಿ ಹಲಸು, ಮಾವು, ಗೇರು, ನೇರಳೆ, ಮುರುಗಲು ಹಣ್ಣುಗಳ ಕಲೆಗಳು. ಅರಿಸಿನ, ಕುಂಕುಮ, ಎಣ್ಣೆ, ಕಾಫಿ, ಚಹಾ, ಶಾಯಿ ಮತ್ತು ಬೆವರಿನ ಕಲೆಗಳಿಗೆ ಕಾಲದ ಮಿತಿಯಿಲ್ಲ.

ಇತಿಹಾಸ

ಸಾಬೂನು ಬರುವ ಮುನ್ನ ಒಗೆತಕ್ಕೆ ಬೂದಿ, ಚೌಳು ಮಣ್ಣು, ಸೀಗೆ ಮತ್ತು ಅಂಟುವಾಳ ಬಳಕೆಯಲ್ಲಿದ್ದವು. ಸೌದೆಯ ಬೂದಿಯನ್ನು ನೀರಿನಲ್ಲಿ ಕದಡಿ ತಿಳಿಯಾಗಲು ಬಿಟ್ಟು ಮೇಲಿನ ನೀರನ್ನು ಬಸಿದುಕೊಂಡರೆ ಪೊಟ್ಯಾಸಿಯಂ ಕಾರ್ಬೊನೇಟ್ ಇರುವ ಕ್ಷಾರಜಲ ಸಿಗುತ್ತದೆ. ಚೌಳು ಮಣ್ಣಿನಲ್ಲಿರುವುದು ಮುಖ್ಯವಾಗಿ ಸೋಡಿಯಂ ಕಾರ್ಬೊನೇಟ್. ಇವೆರಡೂ ಬಟ್ಟೆಯ ಜಿಡ್ಡನ್ನು ಭಾಗಶಃ ಸಾಬೂನಾಗಿ ಮಾರ್ಪಡಿಸಿ ನೀರಿಗೆ ಬಿಡಿಸುತ್ತವೆ.

ಊರಿನ ಬಟ್ಟೆ ಒಗೆಯುವುದು, ಊರಿನ ಸೇವೆಗೆ ಬೆಳೆಯ ಪಾಲು ಪಡೆಯುವ ಆಯಗಾರರಲ್ಲಿ ಒಬ್ಬರಾದ ಮಡಿವಾಳರ ಕಸುಬಾಗಿತ್ತು. ಕ್ಷಾರಜಲದಲ್ಲಿ ಅದ್ದಿದ ಬಟ್ಟೆಗಳನ್ನು ದೊಡ್ಡ ಬಾನಿಯ ಮೇಲೆ ಪೇರಿಸಿ, ಕೆಳಗೆ ಬೆಂಕಿ ಮಾಡಿ ಹಬೆಯಲ್ಲಿ ಬೇಯಿಸುವ ಕ್ರಮಕ್ಕೆ ‘ಉಬ್ಬೆ’ ಎಂದು ಹೆಸರು. ಉಬ್ಬೆ ಹಾಕಿದ ಬಟ್ಟೆಯನ್ನು ಕೆರೆ ಅಥವಾ ಹೊಳೆಯ ಒಗೆಯುವ ಕಲ್ಲಿಗೆ ಕುಕ್ಕಿ, ಜಾಲಾಡಿಸಿ, ಹುಲ್ಲಿನ ಮೇಲೆ ಹರವುತ್ತಿದ್ದರು. ಒದ್ದೆ ಬಟ್ಟೆಯ ಮೇಲೆ ಬೀಳುವ ಬಿಸಿಲು ಉಳಿದ ಬಣ್ಣವನ್ನು ತಿಳಿಯಾಗಿಸುತ್ತಿತ್ತು. ಕೂಲಿ ಸುಗ್ಗಿಯಲ್ಲಿ ಆಯದ ಕಾಳಿನ ರೂಪದಲ್ಲಿ ಸಲ್ಲುತ್ತಿತ್ತು. ಮದುವೆ, ಜಾತ್ರೆಗಳಲ್ಲಿ ನಡೆಮಡಿ (ನಡೆಯುವ ದಾರಿಗೆ ಮಡಿ ಬಟ್ಟೆ) ಹಾಸುವುದೂ ಮಡಿವಾಳರ ಹಕ್ಕು. ಈ ಸಮುದಾಯ ತನ್ನ ಆದಿಪುರುಷನೆಂದು ಗೌರವಿಸುವ ಮಡಿವಾಳ ಮಾಚಿದೇವ 12ನೆಯ ಶತಮಾನದ ಶರಣ; ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮಪ್ರಭು ಮತ್ತು ಉಡುತಡಿಯ ಅಕ್ಕಮಹಾದೇವಿಯರ ಸಮಕಾಲೀನ. ರಾಜ್ಯ ಸರ್ಕಾರ ಫೆಬ್ರವರಿ 1ರಂದು ಮಾಚಿದೇವ ಜಯಂತಿಯನ್ನು ಆಚರಿಸುತ್ತದೆ.

ಯಾರ ಬಟ್ಟೆ ಯಾವುದೆಂದು ಗುರುತಿಸಲು ಮಡಿವಾಳರು ಕರಿಗೇರಿನ ಕಾಯಿಯ ರಸದಿಂದ ಬಟ್ಟೆಯ ಅಂಚಿನಲ್ಲಿ ಗುರುತು ಹಾಕಿ ಸುಣ್ಣ ತಾಗಿಸುತ್ತಿದ್ದರು. ಆ ಕಪ್ಪು ಗುರುತು ಉಬ್ಬೆಯಲ್ಲಿಯೂ ಹೋಗುತ್ತಿರಲಿಲ್ಲ.

ಮೈಸೂರು ಸಂಸ್ಥಾನದ ಸರ್ಕಾರಿ ಸಾಬೂನು ಕಾರ್ಖಾನೆ ಬೆಂಗಳೂರಿನಲ್ಲಿ 1910ರ ದಶಕದಲ್ಲಿ ಸ್ಥಾಪನೆಯಾಯಿತು. ಒಗೆಯುವ ಬಾರ್ ಸೋಪು ಹಳ್ಳಿಗಳಿಗೆ ಹರಡಿದಂತೆ ಮನೆಯಲ್ಲಿಯೇ ಒಗೆಯುವ ರೂಢಿ ಬಲವಾಯಿತು. 1959ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಸರ್ಫ್, 1969ರಲ್ಲಿ ಗುಜರಾತಿನಲ್ಲಿ ಆರಂಭವಾದ ಕಡಿಮೆ ಬೆಲೆಯ ನಿರ್ಮಾ ಪುಡಿಗಳು ಸಾಬೂನಿನ ಜಾಗದಲ್ಲಿ ಡಿಟರ್ಜೆಂಟನ್ನು ತಂದವು.

ಕಲೆ ಹಿಡಿಯುವ ಬಗೆ

ಕಲೆ ಬಟ್ಟೆಗೆ ಮೂರು ರೀತಿಯಲ್ಲಿ ಹಿಡಿಯುತ್ತದೆ. ಮಣ್ಣು, ಮಸಿ ಮುಂತಾದವುಗಳ ಸೂಕ್ಷ್ಮ ಕಣಗಳು ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಎಣ್ಣೆ, ಮೇಣಗಳು ಎಳೆಯನ್ನು ಸುತ್ತಿ ಅಂಟುತ್ತವೆ. ಅರಿಸಿನ, ಚೊಗರು, ಹಣ್ಣಿನ ರಸಗಳ ಬಣ್ಣ ಎಳೆಯ ಒಳಕ್ಕೆ ಇಳಿದು ಅದರ ಜೊತೆ ಬೆಸೆದುಕೊಳ್ಳುತ್ತದೆ. ಮೂರನೆಯ ಬಗೆಯದು ಬಟ್ಟೆಗೆ ಬಣ್ಣ ಹಾಕುವ ಕ್ರಿಯೆಯೇ ಆಗಿದೆ.

ಹಿಡಿದ ಬಣ್ಣವನ್ನು ಗಟ್ಟಿಮಾಡುವ ಅಂಶಗಳು ನಾಲ್ಕು. ಶಾಖವು ರಕ್ತ, ಹಾಲು, ಮೊಟ್ಟೆಯ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ. ಗಾಳಿಯ ಆಮ್ಲಜನಕ ಬಾಳೆ ಮತ್ತು ಅಡಿಕೆಯ ರಸವನ್ನು ಕಂದಾಗಿಸುತ್ತದೆ. ಕಬ್ಬಿಣವು ಅಡಿಕೆ, ಚಹಾ ಮುಂತಾದವುಗಳಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶದ ಜೊತೆ ಸೇರಿ ಕಪ್ಪು ಸಂಯುಕ್ತವಾಗುತ್ತದೆ. ಸಾಬೂನು, ಸೋಡಾ, ಸುಣ್ಣಗಳ ಕ್ಷಾರವು ಅರಿಸಿನ ಮತ್ತು ಕವಳದ ಬಣ್ಣವನ್ನು ಕೆಂಪಿಗೆ ತಿರುಗಿಸುತ್ತದೆ. ತಪ್ಪು ವಸ್ತುವಿನಿಂದ ತೊಳೆದ ಕಲೆ ಮೊದಲಿಗಿಂತ ಗಾಢವಾಗುವುದು ಈ ಕಾರಣಗಳಿಂದ.

ನೂಲಿನ ಬಗೆ

ಹತ್ತಿ ಬಟ್ಟೆ ಬಿಸಿನೀರು ಮತ್ತು ಕ್ಷಾರವನ್ನು ತಡೆಯುತ್ತದೆ; ಪ್ರಬಲ ಆಮ್ಲ ಒಣಗಿ ಉಳಿದರೆ ಎಳೆ ಪುಡಿಯಾಗುತ್ತದೆ. ರೇಷ್ಮೆ, ಉಣ್ಣೆಗಳು ಪ್ರೋಟೀನ್ ನೂಲುಗಳು. ಕ್ಷಾರ, ಕ್ಲೋರಿನ್ ಬ್ಲೀಚ್ ಮತ್ತು ಪ್ರೋಟೀನ್ ಕರಗಿಸುವ ಕಿಣ್ವಗಳಿರುವ ಪುಡಿಗಳು ಅವುಗಳನ್ನು ಕೆಡಿಸುತ್ತವೆ. ಪಾಲಿಯೆಸ್ಟರ್ ನೀರಿನ ಕಲೆಗಳನ್ನು ಸುಲಭವಾಗಿ ಬಿಡುತ್ತದೆ, ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಸಿಟೇಟ್ ನೂಲು ಉಗುರುಬಣ್ಣ ತೆಗೆಯುವ ಅಸಿಟೋನ್‌ನಲ್ಲಿ ಕರಗುತ್ತದೆ. ಜರಿಯ ಸೀರೆಗಳಲ್ಲಿ ಲೋಹದ ಎಳೆ ಕಪ್ಪಾಗುವ ಸಂಭವವಿರುವುದರಿಂದ ಹುಳಿ, ಉಪ್ಪು, ಬ್ಲೀಚ್ ಬಳಸುವುದಿಲ್ಲ.

ನಿವಾರಕ ವಸ್ತುಗಳು

ತೊಳೆಯುವ ವಸ್ತುಗಳು: ಸಾಬೂನು, ಡಿಟರ್ಜೆಂಟ್, ಸೀಗೆ, ಅಂಟುವಾಳ. ಕೊನೆಯ ಎರಡರಲ್ಲಿ ಸಪೋನಿನ್ ಎಂಬ ನೊರೆ ಬರಿಸುವ ಅಂಶವಿದ್ದು ಕ್ಷಾರಗುಣ ಇಲ್ಲದಿರುವುದರಿಂದ ರೇಷ್ಮೆಗೆ ಹೊಂದುತ್ತವೆ. ಸೀಗೆಯ ಕಂದು ಬಣ್ಣ ಬಿಳಿ ಬಟ್ಟೆಗೆ ತಗಲುವ ಸಾಧ್ಯತೆಯಿದೆ.

ಹುಳಿಗಳು: ನಿಂಬೆರಸ, ಹುಣಸೆ, ವಿನಿಗರ್, ಬಿಂಬುಳಿ. ಬಿಂಬುಳಿಯ ರಸದಲ್ಲಿ ಆಕ್ಸಾಲಿಕ್ ಆಮ್ಲ ಇರುವುದರಿಂದ ತುಕ್ಕಿನ ಕಲೆಗೆ ಪರಿಣಾಮಕಾರಿ.

ಕರಗಿಸುವ ವಸ್ತುಗಳು: ತೆಂಗಿನೆಣ್ಣೆ, ಸೀಮೆಎಣ್ಣೆ, ಸ್ಪಿರಿಟ್, ಟರ್ಪೆಂಟೈನ್. ನೀರಿನಲ್ಲಿ ಕರಗದ ಮೇಣ, ಗ್ರೀಸ್, ಶಾಯಿ, ಬಣ್ಣಗಳಿಗೆ ಇವು ಬೇಕು.

ಹೀರುವ ವಸ್ತುಗಳು: ಕಡಲೆಹಿಟ್ಟು, ಪೌಡರ್, ಸೀಮೆಸುಣ್ಣದ ಪುಡಿ. ಹೊಸ ಜಿಡ್ಡಿನ ಮೇಲೆ ಉದುರಿಸಿ, ಎಣ್ಣೆ ಹೀರಿದ ಮೇಲೆ ಕೊಡವುತ್ತಾರೆ.

ಬಣ್ಣ ಕಳೆಯುವ ವಸ್ತುಗಳು: ಬಿಸಿಲು, ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್, ಆಮ್ಲಜನಕ ಬಿಡುವ ಪುಡಿಗಳು, ಕ್ಲೋರಿನ್ ಬ್ಲೀಚ್. ಬಿಸಿಲಿನಲ್ಲಿ ಹಲವು ಬಣ್ಣಗಳು ನಿಧಾನವಾಗಿ ಮಾಸುತ್ತವೆ. ಕ್ಲೋರಿನ್ ಬ್ಲೀಚ್ ಬಿಳಿ ಹತ್ತಿಗೆ ಮಾತ್ರ.

ಒಗೆದ ಬಿಳಿ ಬಟ್ಟೆಗೆ ಹಾಕುವ ನೀಲಿ ಈ ಯಾವ ಗುಂಪಿಗೂ ಸೇರುವುದಿಲ್ಲ. ಅದು ಬಟ್ಟೆಯ ಹಳದಿ ಛಾಯೆಯನ್ನು ಕಣ್ಣಿಗೆ ಮರೆಮಾಡುತ್ತದೆ, ಕಲೆಯನ್ನು ತೆಗೆಯುವುದಿಲ್ಲ.

ಕಲೆಗಳು ಮತ್ತು ಅವುಗಳ ನಿವಾರಣೆ

ಅಡಿಕೆಯ ರಸ ಮತ್ತು ಚೊಗರು: ಮೆಟ್ಟುಗತ್ತಿಯಲ್ಲಿ ಹಸಿ ಅಡಿಕೆ ಸುಲಿಯುವಾಗ, ಹಂಡೆಯಲ್ಲಿ ಬೇಯಿಸುವಾಗ ಮತ್ತು ಬೇಯಿಸಿದ್ದನ್ನು ಅಟ್ಟದಲ್ಲಿ ಹರವುವಾಗ ತಗಲುತ್ತದೆ. ಹಸಿ ಅಡಿಕೆಯ ರಸ ಮೊದಲು ತಿಳಿಯಾಗಿದ್ದು ಗಾಳಿಗೆ ಕಂದಾಗುತ್ತದೆ. ಸುಲಿಯುವವರ ಬೆರಳು ಕಪ್ಪಾಗುವುದು ಟ್ಯಾನಿನ್ ಕತ್ತಿಯ ಕಬ್ಬಿಣವನ್ನು ಕೂಡುವುದರಿಂದ. ಒದ್ದೆಯಿರುವಾಗಲೇ ಹೆಚ್ಚು ನೀರಿನಲ್ಲಿ ಜಾಲಾಡಿಸಿದರೆ ಬಹುಭಾಗ ಹೋಗುತ್ತದೆ. ತುಕ್ಕು ಹಿಡಿದ ಬಕೆಟ್ಟಿನಲ್ಲಿ ನೆನೆಹಾಕಿದರೆ ಅಥವಾ ಕಬ್ಬಿಣದ ಅಂಶವಿರುವ ಕೊಳವೆ ಬಾವಿ ನೀರಿನಲ್ಲಿ ಬಿಟ್ಟರೆ ಕಂದು ಕಲೆ ಕಪ್ಪಾಗುತ್ತದೆ. ಕಪ್ಪಾದ ಕಲೆಗೆ ಮೊದಲು ನಿಂಬೆ ಅಥವಾ ಬಿಂಬುಳಿಯ ರಸ ಹಚ್ಚಿ ಕಬ್ಬಿಣವನ್ನು ಬಿಡಿಸಬೇಕು. ಅನಂತರ ಡಿಟರ್ಜೆಂಟ್, ಬಿಳಿ ಹತ್ತಿಯಾದರೆ ಕೊನೆಗೆ ಬ್ಲೀಚ್. ಹಳೆಯ ಕಲೆ ತಿಳಿಯಾಗುತ್ತದೆ, ಪೂರ್ತಿ ಹೋಗುವುದು ಅಪರೂಪ. ಈ ಕಾರಣದಿಂದ ಸುಲಿಯುವ ಕೆಲಸಕ್ಕೆ ಬೇರೆಯೇ ಬಟ್ಟೆ ಇಟ್ಟುಕೊಳ್ಳುವುದು ರೂಢಿ.

ಕವಳ: ಅಡಿಕೆಯ ಟ್ಯಾನಿನ್‌ನಂಥ ಪಾಲಿಫಿನಾಲುಗಳು ಸುಣ್ಣದ ಕ್ಷಾರದಲ್ಲಿ ಕೆಂಪಾಗುತ್ತವೆ. ಸಾಬೂನನ್ನು ನೇರವಾಗಿ ಹಚ್ಚಿದರೆ ಕ್ಷಾರ ಹೆಚ್ಚಿ ಬಣ್ಣ ಗಾಢವಾಗುತ್ತದೆ. ತಣ್ಣೀರಿನ ಬಳಿಕ ನಿಂಬೆರಸ ಅಥವಾ ಹುಳಿಮಜ್ಜಿಗೆಯಲ್ಲಿ ನೆನೆಸಿ, ಆಮೇಲೆ ಒಗೆಯುವುದು ಕ್ರಮ.

ಬಾಳೆಯ ಸೊನೆ: ಗೊನೆ ಕಡಿಯುವಾಗ, ಎಲೆ ಕೊಯ್ಯುವಾಗ ಬೀಳುವ ನೀರಿನಂಥ ಸೊನೆ ಬಟ್ಟೆಯ ಮೇಲೆ ಬಣ್ಣವಿಲ್ಲದಂತೆ ಕಾಣುತ್ತದೆ. ಒಣಗಿದಂತೆ ಪಾಲಿಫಿನಾಲುಗಳು ಉತ್ಕರ್ಷಣಗೊಂಡು ಕಂದು, ಮುಂದೆ ಕಪ್ಪಾಗುತ್ತವೆ. ಬಿದ್ದ ಕೂಡಲೇ ನೀರು ಹೊಯ್ದು ತೊಳೆಯುವುದೇ ಖಚಿತ ಉಪಾಯ. ಒಣಗಿದ ಕಲೆ ಮನೆಯ ಕಲೆಗಳಲ್ಲಿ ಅತ್ಯಂತ ಹಟಮಾರಿ ಗುಂಪಿಗೆ ಸೇರುತ್ತದೆ. ಹುಳಿ ಹಚ್ಚಿ, ಅದನ್ನು ಪೂರ್ತಿ ಜಾಲಾಡಿಸಿದ ಮೇಲೆ ಬ್ಲೀಚ್ ಬಳಸಿದರೆ ಬಿಳಿ ಹತ್ತಿಯಲ್ಲಿ ಸ್ವಲ್ಪ ಮಾಸುತ್ತದೆ.

ಹಲಸಿನ ಮೇಣ: ನೀರಿನಲ್ಲಿ ಕರಗುವುದಿಲ್ಲ. ತಣ್ಣಗಾಗಿ ಗಟ್ಟಿಯಾದ ಮೇಲೆ ಮೊಂಡು ಅಂಚಿನಿಂದ ಕೆರೆದು, ಉಳಿದದ್ದಕ್ಕೆ ತೆಂಗಿನೆಣ್ಣೆ ಹಚ್ಚಿ ಉಜ್ಜಿದರೆ ಮೇಣ ಎಣ್ಣೆಗೆ ಬರುತ್ತದೆ. ಆ ಎಣ್ಣೆಯನ್ನು ಡಿಟರ್ಜೆಂಟ್ ಮತ್ತು ಬಿಸಿನೀರಿನಿಂದ ತೆಗೆಯಬೇಕು. ಹಲಸು ಬಿಡಿಸುವ ಮುನ್ನ ಕೈಗೂ ಕತ್ತಿಗೂ ಎಣ್ಣೆ ಸವರುವುದು ಇದೇ ತತ್ತ್ವದ ಮೇಲೆ.

ಗೇರು ಮತ್ತು ಮಾವು: ಗೇರುಹಣ್ಣಿನ ರಸ ಬಟ್ಟೆಯಲ್ಲಿ ಕಂದು ಕಲೆ ಉಳಿಸುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನೂ ಸುಡುವುದರಿಂದ ಕಲೆಯಾದ ಬಟ್ಟೆಯನ್ನು ಬರಿಗೈಯಲ್ಲಿ ಉಜ್ಜಬಾರದು. ಮಾವಿನ ಸೊನೆಗೂ ಮೊದಲು ಎಣ್ಣೆ, ಆಮೇಲೆ ಡಿಟರ್ಜೆಂಟ್.

ನೇರಳೆ ಮತ್ತು ಮುರುಗಲು: ಇವುಗಳ ಬಣ್ಣ ಆಂಥೊಸಯನಿನ್. ಹುಳಿಯಲ್ಲಿ ಕೆಂಪಾಗಿ, ಕ್ಷಾರದಲ್ಲಿ ನೀಲಿಯ ಕಡೆಗೆ ತಿರುಗುತ್ತದೆ. ನೇರಳೆಯ ಕಲೆ ಸಾಬೂನು ತಾಗಿದೊಡನೆ ನೀಲಿಯಾಗುವುದು ಬಣ್ಣ ಬದಲಾಗಿದ್ದರ ಗುರುತು. ಕಲೆ ಹೋಗುತ್ತಿದೆ ಎಂದಲ್ಲ. ಹತ್ತಿ ಬಟ್ಟೆಯನ್ನು ಪಾತ್ರೆಯ ಬಾಯಿಗೆ ಬಿಗಿದು ಮೇಲಿನಿಂದ ಕುದಿಯುವ ನೀರು ಹೊಯ್ಯುವುದು ಹಣ್ಣಿನ ಹೊಸ ಕಲೆಗೆ ಹಳೆಯ ಕ್ರಮ. ಉಳಿದ ಛಾಯೆಗೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲು.

ಅನಾನಸು ಮತ್ತು ಕಬ್ಬಿನ ಹಾಲು: ಒಣಗಿದಾಗ ಕಲೆ ಕಾಣುವುದಿಲ್ಲ. ಬಟ್ಟೆಯಲ್ಲಿ ಉಳಿದ ಸಕ್ಕರೆ ಇಸ್ತ್ರಿಯ ಶಾಖಕ್ಕೆ ಕಂದಾಗಿ ಕಲೆ ಆಗ ಹೊರಬೀಳುತ್ತದೆ. ರಸ ಚೆಲ್ಲಿದ ಜಾಗವನ್ನು ಕಲೆ ಕಾಣದಿದ್ದರೂ ನೀರಿನಲ್ಲಿ ಜಾಲಾಡಿಸಬೇಕು.

ಅರಿಸಿನ ಮತ್ತು ಕುಂಕುಮ: ಅರಿಸಿನದ ಬಣ್ಣ ಕುರ್ಕ್ಯುಮಿನ್. ನೀರಿನಲ್ಲಿ ಕರಗದು, ಎಣ್ಣೆ ಮತ್ತು ಸ್ಪಿರಿಟ್‌ಗಳಲ್ಲಿ ಕರಗುತ್ತದೆ. ಸಾರು ಚೆಲ್ಲಿದ ಅಂಗಿಗೆ ಸಾಬೂನು ಹಾಕಿದಾಗ ಕೆಂಪು ಮೂಡುವುದು ಕ್ಷಾರದ ಫಲ; ಚೆನ್ನಾಗಿ ಜಾಲಾಡಿಸಿದರೆ ಹಳದಿಗೆ ಮರಳುತ್ತದೆ. ಅರಿಸಿನದ ನೀರಿಗೆ ಸುಣ್ಣ ಕದಡಿ ಓಕುಳಿ ಮಾಡುವಾಗ ಕೆಂಪು ಬರುವುದೂ ಇದರಿಂದಲೇ. ಕುರ್ಕ್ಯುಮಿನ್ ಬೆಳಕಿಗೆ ಒಡೆಯುತ್ತದೆ. ಡಿಟರ್ಜೆಂಟಿನಲ್ಲಿ ಒಗೆದು, ಕಲೆಯಿರುವ ಭಾಗ ಮೇಲಾಗುವಂತೆ ಬಿಸಿಲಿನಲ್ಲಿ ಒಣಗಿಸಿ, ಮತ್ತೆ ಒದ್ದೆ ಮಾಡಿ ಒಣಗಿಸಿದರೆ ಕಲೆ ಮಾಯವಾಗುತ್ತದೆ. ಅರಿಸಿನ ಮತ್ತು ಸುಣ್ಣದಿಂದ ತಯಾರಾದ ಕುಂಕುಮಕ್ಕೂ ಇದೇ ಕ್ರಮ. ಕೃತಕ ಬಣ್ಣ ಬೆರೆತ ಕುಂಕುಮವನ್ನು ಒದ್ದೆ ಮಾಡದೆ ಮೊದಲು ಕೊಡವಬೇಕು. ಒದ್ದೆಯಾದರೆ ಬಣ್ಣ ಹರಡುತ್ತದೆ.

ರಕ್ತ: ಉಂಬಳವು ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವನ್ನು ಬಿಡುತ್ತದೆ. ಅದು ಕಳಚಿ ಬಿದ್ದ ಮೇಲೂ ರಕ್ತ ಹರಿದು ಪಂಚೆ, ಪ್ಯಾಂಟು, ಕಾಲುಚೀಲಗಳಿಗೆ ಇಳಿಯುತ್ತದೆ. ರಕ್ತಕ್ಕೆ ತಣ್ಣೀರು ಮಾತ್ರ. ಬಿಸಿನೀರು ಕಲೆಯನ್ನು ಶಾಶ್ವತಗೊಳಿಸುತ್ತದೆ. ಉಪ್ಪು ಹಾಕಿದ ತಣ್ಣೀರಿನಲ್ಲಿ ನೆನೆಸಿ ಒಗೆಯಬೇಕು. ಒಣಗಿದ ಕಲೆಗೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದರೆ ನೊರೆ ಎದ್ದು ಬಣ್ಣ ಹೋಗುತ್ತದೆ; ಬಣ್ಣದ ಬಟ್ಟೆಯಾದರೆ ಒಳಅಂಚಿನಲ್ಲಿ ಪರೀಕ್ಷಿಸಿಯೇ ಬಳಸಬೇಕು.

ಕೆಮ್ಮಣ್ಣು: ಬಣ್ಣಕ್ಕೆ ಕಾರಣ ಕಬ್ಬಿಣದ ಆಕ್ಸೈಡ್. ಒದ್ದೆಯಿರುವಾಗ ಉಜ್ಜಿದರೆ ಕಣಗಳು ಎಳೆಯ ನಡುವೆ ಇನ್ನಷ್ಟು ಇಳಿಯುತ್ತವೆ. ಒಣಗಿಸಿ, ಕೊಡವಿ, ಬ್ರಷ್ ಹಾಕಿ, ಬರೀ ನೀರಿನಲ್ಲಿ ಮಣ್ಣು ಬಿಡಿಸಿದ ಮೇಲೆ ಡಿಟರ್ಜೆಂಟಿನಲ್ಲಿ ನೆನೆಹಾಕಬೇಕು. ಕ್ಲೋರಿನ್ ಬ್ಲೀಚ್ ಕಬ್ಬಿಣದ ಕಲೆಯನ್ನು ತೆಗೆಯದೆ ಗಟ್ಟಿಮಾಡುತ್ತದೆ. ಶುಂಠಿ ಕೀಳುವ ಕೆಲಸದ ಬಟ್ಟೆಗಳಿಗೂ ಇದೇ ಕ್ರಮ.

ತುಕ್ಕು: ಒದ್ದೆ ಬಟ್ಟೆಯನ್ನು ಕಬ್ಬಿಣದ ತಂತಿ, ಮೊಳೆಗಳ ಮೇಲೆ ಒಣಗಿಸುವುದರಿಂದ ಬರುತ್ತದೆ. ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆಯುತ್ತಾರೆ. ಬಿಂಬುಳಿಯ ರಸವೂ ಆಗುತ್ತದೆ.

ಬೋರ್ಡೋ ದ್ರಾವಣ: ಅಡಿಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ಹೊಡೆಯುವ ಇದರ ಶೇ. 1ರ ಪ್ರಮಾಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಇರುತ್ತದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 20ನೆಯ ಶತಮಾನದ ಆರಂಭದಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿ ಇದರ ಬಳಕೆಯನ್ನು ಪ್ರಚಾರಕ್ಕೆ ತಂದರು. ಬಟ್ಟೆಯಲ್ಲಿ ಉಳಿಯುವ ತಿಳಿನೀಲಿ ಕಲೆ ನೀರಿನಲ್ಲಿ ಕರಗದ ತಾಮ್ರದ ಸಂಯುಕ್ತ. ಸಾಬೂನಿಗೆ ಬಗ್ಗುವುದಿಲ್ಲ, ಹುಳಿಯಲ್ಲಿ ಕರಗುತ್ತದೆ. ನೀರು ಬೆರೆಸಿದ ವಿನಿಗರ್ ಅಥವಾ ನಿಂಬೆರಸದಲ್ಲಿ ನೆನೆಸಿ, ಹಲವು ನೀರಿನಲ್ಲಿ ಜಾಲಾಡಿಸಬೇಕು. ಸಿಂಪಡಣೆಯ ಬಟ್ಟೆಯನ್ನು ಮನೆಯ ಉಳಿದ ಬಟ್ಟೆಗಳ ಜೊತೆ ಒಗೆಯಬಾರದು.

ಬೂಸ್ಟು ಮತ್ತು ಹೊಗೆ: ಮಳೆಗಾಲದಲ್ಲಿ ಬಟ್ಟೆ ಪೂರ್ತಿ ಒಣಗದೆ ಮಡಿಸಿಟ್ಟಾಗ ಶಿಲೀಂಧ್ರ ಬೆಳೆದು ಕಪ್ಪು ಚುಕ್ಕೆಗಳಾಗುತ್ತವೆ. ಮನೆಯ ಹೊರಗೆ ಕೊಡವಿ, ವಿನಿಗರ್ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಬೇಕು. ಬಿಳಿ ಹತ್ತಿಗೆ ವಿನಿಗರ್ ಬದಲು ಕ್ಲೋರಿನ್ ಬ್ಲೀಚ್ ಬಳಸಬಹುದು. ಚುಕ್ಕೆ ಎಳೆಯೊಳಗೆ ಬೆಳೆದಿದ್ದರೆ ಗುರುತು ಉಳಿಯುತ್ತದೆ. ಬಚ್ಚಲ ಒಲೆಯ ಮೇಲೆ ಒಣಗಿಸುವ ಬಟ್ಟೆಗೆ ಇಲ್ಲಣ (ಹೊಗೆಯ ಮಸಿ) ಬಿದ್ದರೆ ಉಜ್ಜದೆ ಊದಿ ಅಥವಾ ಕೊಡವಿ ತೆಗೆಯುತ್ತಾರೆ.

ಜಿಡ್ಡು ಮತ್ತು ಗ್ರೀಸ್: ಹೊಸ ಎಣ್ಣೆಗೆ ಕಡಲೆಹಿಟ್ಟು, ಆಮೇಲೆ ಪಾತ್ರೆ ತೊಳೆಯುವ ದ್ರವ ಹಚ್ಚಿ ಬಟ್ಟೆ ತಡೆಯುವಷ್ಟು ಬಿಸಿನೀರು. ಬೈಕಿನ ಚೈನು, ಪಂಪ್‌ಸೆಟ್ಟಿನ ಗ್ರೀಸಿಗೆ ಮೊದಲು ಸೀಮೆಎಣ್ಣೆ ಅಥವಾ ಅಡುಗೆ ಎಣ್ಣೆ.

ಕಾಫಿ, ಚಹಾ: ಹಾಲು ಬೆರೆತಿರುವುದರಿಂದ ಮೊದಲು ತಣ್ಣೀರು, ಅನಂತರ ಡಿಟರ್ಜೆಂಟ್, ಉಳಿದ ಕಂದು ಛಾಯೆಗೆ ವಿನಿಗರ್.

ಶಾಯಿ: ಬಾಲ್‌ಪೆನ್ನಿನ ಕಲೆಯ ಅಡಿಗೆ ಹೀರುವ ಬಟ್ಟೆಯಿಟ್ಟು ಮೇಲಿನಿಂದ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಒತ್ತುತ್ತ, ಅಡಿಯ ಬಟ್ಟೆಯನ್ನು ಬದಲಿಸುತ್ತ ಹೋಗಬೇಕು.

ಬೆವರು: ಕಾಲರ್ ಮತ್ತು ಕಂಕುಳ ಭಾಗದ ಹಳದಿಗೆ ಅಡುಗೆ ಸೋಡಾದ ಲೇಪ ಅಥವಾ ಆಮ್ಲಜನಕ ಬಿಡುವ ಪುಡಿ. ಕ್ಲೋರಿನ್ ಬ್ಲೀಚ್ ಆ ಹಳದಿಯನ್ನು ಹೆಚ್ಚಿಸುತ್ತದೆ.

ಮದರಂಗಿ: ಇದರ ಲಾಸೋನ್ ಎಂಬ ಬಣ್ಣ ಪ್ರೋಟೀನಿಗೆ ಬೆಸೆಯುವುದರಿಂದ ರೇಷ್ಮೆ, ಉಣ್ಣೆಯಲ್ಲಿ ಕಾಯಂ ಆಗಿ ಉಳಿಯುತ್ತದೆ. ಹತ್ತಿಯಲ್ಲಿ ಕೂಡಲೇ ತೊಳೆದರೆ ಹೋಗುತ್ತದೆ.

ಸಾಮಾನ್ಯ ಕ್ರಮ

ಕಲೆಯ ಬಗೆ ತಿಳಿಯದಿದ್ದಾಗ ಅನುಸರಿಸುವ ಅನುಕ್ರಮ ಹೀಗಿದೆ: ಗಟ್ಟಿ ಅಂಶವನ್ನು ಕೆರೆದು ಅಥವಾ ಕೊಡವಿ ತೆಗೆಯುವುದು, ತಣ್ಣೀರಿನಲ್ಲಿ ಬಟ್ಟೆಯ ಹಿಂಬದಿಯಿಂದ ತೊಳೆಯುವುದು, ಡಿಟರ್ಜೆಂಟ್ ಹಚ್ಚುವುದು, ಹುಳಿಯನ್ನು ಪರೀಕ್ಷಿಸಿ ನೋಡುವುದು, ಕೊನೆಗೆ ಮಾತ್ರ ಬಣ್ಣ ಕಳೆಯುವ ವಸ್ತು. ಪ್ರತಿ ಹಂತದ ನಡುವೆ ಚೆನ್ನಾಗಿ ಜಾಲಾಡಿಸಬೇಕು. ಕಲೆಯ ಹೊರ ಅಂಚಿನಿಂದ ಒಳಕ್ಕೆ ಉಜ್ಜಿದರೆ ಅದು ಹರಡುವುದಿಲ್ಲ. ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ ಹಾಕಬಾರದು.

ಬಟ್ಟೆಯ ಒಳಚೀಟಿಯಲ್ಲಿರುವ ಚಿಹ್ನೆಗಳಲ್ಲಿ ನೀರಿನ ತೊಟ್ಟಿ ಒಗೆಯುವುದನ್ನೂ, ತ್ರಿಕೋನ ಬ್ಲೀಚನ್ನೂ, ವೃತ್ತ ಡ್ರೈಕ್ಲೀನಿಂಗನ್ನೂ ಸೂಚಿಸುತ್ತದೆ. ಚಿಹ್ನೆಯ ಮೇಲೆ ಕತ್ತರಿ ಗುರುತು (×) ಹಾಕಿದ್ದರೆ ಆ ಕ್ರಮ ನಿಷಿದ್ಧ.

ಸುರಕ್ಷತೆ

ಕ್ಲೋರಿನ್ ಬ್ಲೀಚನ್ನು ಹುಳಿ, ವಿನಿಗರ್ ಅಥವಾ ಟಾಯ್ಲೆಟ್ ತೊಳೆಯುವ ಆಮ್ಲದ ಜೊತೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ; ಅಮೋನಿಯದ ಜೊತೆ ಕ್ಲೋರಮಿನ್ ಅನಿಲ. ಸೀಮೆಎಣ್ಣೆ, ಸ್ಪಿರಿಟ್, ಟರ್ಪೆಂಟೈನ್‌ಗಳನ್ನು ಒಲೆಯಿಂದ ದೂರ, ಗಾಳಿಯಾಡುವ ಕಡೆ ಬಳಸಬೇಕು. ಆ ಬಟ್ಟೆಯನ್ನು ಆರಿಸದೆ ಯಂತ್ರಕ್ಕೆ ಹಾಕಬಾರದು. ಪೆಟ್ರೋಲ್ ಬಳಕೆ ಅಪಾಯಕರ. ಆಕ್ಸಾಲಿಕ್ ಆಮ್ಲದ ಪುಡಿ ವಿಷ. ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಬಣ್ಣವಾಗಿ ಬಳಕೆ

ಕಲೆ ಮಾಡುವ ಗುಣವೇ ಕೆಲವು ವಸ್ತುಗಳನ್ನು ಬಣ್ಣದ ಉದ್ಯಮಕ್ಕೆ ತಂದಿದೆ. ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ಭೀಮನಕೋಣೆಯಲ್ಲಿರುವ ಚರಕ ಮಹಿಳಾ ಸಹಕಾರ ಸಂಘ ಕೈಮಗ್ಗದ ಹತ್ತಿ ಬಟ್ಟೆಗೆ ಅಡಿಕೆ ಚೊಗರೂ ಸೇರಿದಂತೆ ಸಸ್ಯಮೂಲದ ಬಣ್ಣಗಳನ್ನು ಬಳಸುತ್ತದೆ. ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ 1990ರ ದಶಕದಲ್ಲಿ ಇದು ರೂಪುಗೊಂಡಿತು. ಚೊಗರಿನಿಂದ ಕೆಂಗಂದು ಛಾಯೆಗಳು ಬರುತ್ತವೆ. ಟ್ಯಾನಿನ್ ಬಣ್ಣಗಳನ್ನು ಕಪ್ಪಾಗಿಸಲು ಬಣ್ಣಗಾರರು ಕಬ್ಬಿಣದ ಲವಣವನ್ನು ಬಳಸುತ್ತಾರೆ. ತುಕ್ಕು ಹಿಡಿದ ಬಕೆಟ್ಟಿನಲ್ಲಿ ಅಡಿಕೆಯ ಕಲೆ ಕಪ್ಪಾಗುವುದೂ ಇದೇ ಕ್ರಿಯೆಯಿಂದ.

ಇಂದಿನ ಸ್ಥಿತಿ

ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯಂಥ ಊರುಗಳ ಮನೆಗಳಿಗೆ ವಾಷಿಂಗ್ ಮಷೀನು ಬಂದಿದೆ. ಹಿತ್ತಲ ಒಗೆಯುವ ಕಲ್ಲೂ ಬಳಕೆಯಲ್ಲಿ ಉಳಿದಿದ್ದು, ಅಡಿಕೆ ಮತ್ತು ಕೆಸರಿನ ಬಟ್ಟೆಗಳನ್ನು ಕಲ್ಲಿನ ಮೇಲೆ ಒಗೆಯುವುದು ಸಾಮಾನ್ಯ. ಉಬ್ಬೆ ಹಾಕುವ ಕ್ರಮ ಹಿಂದೆ ಸರಿದು, ಮಡಿವಾಳರ ಕಸುಬು ಇಸ್ತ್ರಿ ಅಂಗಡಿ ಮತ್ತು ಲಾಂಡ್ರಿಗಳ ಕಡೆಗೆ ಹೊರಳಿದೆ. ಸಮುದಾಯದ ಏಳಿಗೆಗಾಗಿ ಕರ್ನಾಟಕ ಮಡಿವಾಳ ಮಾಚಿದೇವ ಅಭಿವೃದ್ಧಿ ನಿಗಮವಿದೆ.

ಈಗಿನ ಹಲವು ಒಗೆಯುವ ಪುಡಿಗಳಲ್ಲಿ ಪ್ರೋಟೀನ್, ಪಿಷ್ಟ ಮತ್ತು ಕೊಬ್ಬನ್ನು ಒಡೆಯುವ ಕಿಣ್ವಗಳಿರುತ್ತವೆ. ಇವು ರಕ್ತ, ಗಂಜಿ, ಜಿಡ್ಡಿನ ಕಲೆಗಳಿಗೆ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಕೆಲಸ ಮಾಡುತ್ತವೆ. ಬಾಳೆಯ ಸೊನೆ, ತುಕ್ಕು, ಬೋರ್ಡೋ ಕಲೆಗಳ ಮೇಲೆ ಇವುಗಳ ಪರಿಣಾಮವಿಲ್ಲ. ಮನೆಬಳಕೆಯ ಒಗೆಯುವ ಪುಡಿಗಳಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 4955 ಎಂಬ ಮಾನಕವಿದೆ. ಫಾಸ್ಫೇಟ್ ಇರುವ ಪುಡಿಗಳ ನೀರು ಕೆರೆಗೆ ಸೇರಿದರೆ ಪಾಚಿ ಮತ್ತು ಕಳೆ ಹೆಚ್ಚಿ ನೀರಿನ ಆಮ್ಲಜನಕ ಕುಗ್ಗುತ್ತದೆ. ಒಗೆದ ನೀರನ್ನು ಕೆರೆಗೆ ಬಿಡದಿರುವುದು, ಸಿಂಪಡಣೆಯ ಬಟ್ಟೆಗಳನ್ನು ಕೆರೆ, ಹೊಳೆಗಳಲ್ಲಿ ತೊಳೆಯದಿರುವುದು ಜಲಮೂಲಗಳ ರಕ್ಷಣೆಗೆ ಅಗತ್ಯ.